ಕೊಳೆನೀರಿನ ಬಂಗಾರ

(ಶಾಲೆಯ ವಾರ್ಷಿಕೋತ್ಸವದ ವಿಜ್ಞಾನ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಸರಗೋಡಿನ ಈ ಕನ್ನಡ ಶಾಲೆಯ ಅಂಗಳದಲ್ಲಿ ನಿಂತು ನಾಲ್ಕು ಮಾತುಗಳನ್ನಾಡಲಿದ್ದೇವೆ. ನಾವು ವಿದ್ವಾಂಸರಲ್ಲ. ದೂರದ ನಗರವೊಂದರಲ್ಲಿ ಲೋಹಕ್ಕೆ ಮೆರುಗು ಕೊಡುವ ಕೆಲಸದ ಮನೆಗಳಲ್ಲಿ ಬಹುಕಾಲ ದುಡಿದು, ಕೈಯೆಲ್ಲ ಆಮ್ಲದ ಕಲೆಗಳನ್ನು ಸಂಪಾದಿಸಿಕೊಂಡು ಊರಿಗೆ ಮರಳಿದವರು. ಆದುದರಿಂದ ಇಂದು ನಿಮ್ಮ ಮುಂದಿಡಲಿರುವುದು ಗ್ರಂಥದಿಂದ ಕಲಿತ ವಿಷಯಕ್ಕಿಂತ ಹೆಚ್ಚಾಗಿ ತೊಟ್ಟಿಯ ಬದಿಯಲ್ಲಿ ನಿಂತು ಕಲಿತ ವಿಷಯ. ಕಾರ್ಖಾನೆಯಿಂದ ಹರಿದುಹೋಗುವ ಕೊಳೆನೀರಿನಲ್ಲಿ ಬೆಳ್ಳಿಬಂಗಾರಗಳಿರುತ್ತವೆ. ಅವನ್ನು ವಿದ್ಯುತ್ತಿನ ಬಲದಿಂದ ಮರಳಿ ಪಡೆಯಬಹುದು. ಹೇಗೆ ಎಂಬುದೇ ನಮ್ಮ ಇಂದಿನ ಮಾತು.

ನೀರಿನಲ್ಲಿ ಬಂಗಾರವೇ ಎಂದು ಮಕ್ಕಳು ನಗಬಹುದು. ಆದರೆ ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ಕನ್ನಡದಲ್ಲಿ ‘ಜಲಗಾರ’ ಎಂಬ ಹಳೆಯ ಪದವೊಂದಿದೆ. ಹೊಳೆಯ ಮರಳನ್ನೂ ಅಕ್ಕಸಾಲೆಯ ಅಂಗಡಿಯ ಮುಂದಿನ ಧೂಳನ್ನೂ ನೀರಿನಲ್ಲಿ ತೊಳೆದು, ಅದರಲ್ಲಡಗಿದ ಹೊನ್ನಿನ ಕಣಗಳನ್ನು ಹೆಕ್ಕುತ್ತಿದ್ದವನಿಗೆ ಆ ಹೆಸರು. ಅಕ್ಕಸಾಲೆ ಅರವಿನಿಂದ ಉಜ್ಜುವಾಗ ಕಣ್ಣಿಗೆ ಕಾಣದಂತೆ ಚೆಲ್ಲಿದುದನ್ನು ಜಲಗಾರ ಮರದ ಮರಿಗೆಯಲ್ಲಿ ಅಲುಗಿಸಿ ಅಲುಗಿಸಿ ಹಿಡಿಯುತ್ತಿದ್ದ. ಹಗುರವಾದ ಮಣ್ಣು ನೀರಿನೊಡನೆ ಹೊರಟುಹೋಗುತ್ತಿತ್ತು. ಭಾರವಾದ ಬಂಗಾರ ತಳದಲ್ಲಿ ಉಳಿಯುತ್ತಿತ್ತು.

ಆದರೆ ಬಂಗಾರವು ಕಣವಾಗಿರದೆ, ಉಪ್ಪು ನೀರಿನಲ್ಲಿ ಕರಗುವಂತೆ ಕರಗಿಹೋಗಿದ್ದರೆ ಜಲಗಾರನ ಮರಿಗೆ ಏನು ಮಾಡೀತು? ಎಷ್ಟು ಅಲುಗಿಸಿದರೂ ತಳದಲ್ಲಿ ಏನೂ ನಿಲ್ಲದು. ಬಟ್ಟೆಯಲ್ಲಿ ಸೋಸಿದರೆ ಬಂಗಾರವೂ ನೀರಿನೊಡನೆಯೇ ಇಳಿದುಹೋಗುತ್ತದೆ. ಅಂತಹ ನೀರಿಗೆ ಬೇರೊಬ್ಬ ಜಲಗಾರ ಬೇಕು. ಅವನೇ ವಿದ್ಯುತ್ತು.

ಈ ಹೊಸ ಜಲಗಾರನ ಕೈಚಳಕವನ್ನು ತಿಳಿಯುವುದಕ್ಕೆ ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಇಲ್ಲಿ ಕುಳಿತಿರುವ ತಾಯಿತಂದೆಗಳಲ್ಲಿ ಅಡಕೆ ತೋಟದವರು ಹಲವರಿದ್ದೀರಿ. ಮಳೆಗಾಲದಲ್ಲಿ ಅಡಕೆಗೆ ಕೊಳೆರೋಗ ತಗಲದಂತೆ ನೀವು ಬೋರ್ಡೋ ದ್ರಾವಣವನ್ನು ತಯಾರಿಸುತ್ತೀರಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಸುಣ್ಣ ಸಾಕಾಗಿದೆಯೋ ಇಲ್ಲವೋ ಎಂಬುದನ್ನು ಹೇಗೆ ಪರೀಕ್ಷಿಸುತ್ತೀರಿ? ಉಜ್ಜಿ ಬೆಳಗಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯುತ್ತೀರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಆ ಕೆಂಪು ಲೇಪ ತುಕ್ಕಲ್ಲ, ಅದು ಅಪ್ಪಟ ತಾಮ್ರ. ನೀಲಿಯ ನೀರಿನಲ್ಲಿ ಅಡಗಿದ್ದ ತಾಮ್ರವು ಲೋಹವಾಗಿ ಕತ್ತಿಯ ಮೇಲೆ ಬಂದು ಕುಳಿತಿದೆ. ನಿರಕ್ಷರಿಯಾದ ತೋಟದಾಳು ಕೂಡ ವರ್ಷವರ್ಷವೂ ಮಾಡುವ ಈ ಪರೀಕ್ಷೆಯೊಳಗೆ ನಮ್ಮ ಇಂದಿನ ವಿಷಯದ ತಿರುಳೆಲ್ಲ ಇದೆ.

ಏನು ನಡೆಯಿತು ಅಲ್ಲಿ? ಲೋಹದ ಪರಮಾಣುವು ನೀರಿನಲ್ಲಿ ಕರಗಬೇಕಾದರೆ ತನ್ನಲ್ಲಿರುವ ಒಂದೆರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಬೇಕು. ಹೀಗೆ ಕಳೆದುಕೊಂಡ ಪರಮಾಣುವಿಗೆ ಅಯಾನು ಎಂದು ಹೆಸರು. ಮೈಲುತುತ್ತದ ನೀರಿನಲ್ಲಿ ತಾಮ್ರವು ಎರಡೆರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಅಯಾನುಗಳಾಗಿ ಅಲೆಯುತ್ತಿರುತ್ತದೆ. ಕಬ್ಬಿಣವು ಉದಾರಿ, ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಲ್ಲಿ ತಾಮ್ರಕ್ಕಿಂತ ಮುಂದು. ಕತ್ತಿಯು ನೀರಿಗಿಳಿದೊಡನೆ ಕಬ್ಬಿಣದ ಪರಮಾಣುವು ಎರಡು ಎಲೆಕ್ಟ್ರಾನುಗಳನ್ನು ತಾಮ್ರಕ್ಕೆ ದಾನಮಾಡಿ ತಾನು ಕರಗಿಹೋಗುತ್ತದೆ. ದಾನ ಪಡೆದ ತಾಮ್ರವು ಮತ್ತೆ ಲೋಹವಾಗಿ ನಿಲ್ಲುತ್ತದೆ. ಬೆಳ್ಳಿ ತಾಮ್ರಕ್ಕಿಂತಲೂ, ಬಂಗಾರ ಬೆಳ್ಳಿಗಿಂತಲೂ ಜಿಪುಣ. ತಮ್ಮ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಡವು. ಕಳೆದುಕೊಂಡರೆ ಯಾರಿಂದಲಾದರೂ ಕಿತ್ತುಕೊಂಡು ಮತ್ತೆ ಲೋಹವಾಗಲು ಹವಣಿಸುತ್ತವೆ. ಬಂಗಾರಕ್ಕೆ ತುಕ್ಕು ಹಿಡಿಯದಿರುವುದಕ್ಕೂ, ಕೊಳೆನೀರಿನಿಂದ ಅದನ್ನು ಹಿಡಿಯಲು ಸಾಧ್ಯವಾಗುವುದಕ್ಕೂ ಕಾರಣ ಒಂದೇ.

ಕತ್ತಿಯ ಉಪಾಯದಲ್ಲಿ ಒಂದು ನಷ್ಟವಿದೆ. ತಾಮ್ರ ಬಂದಷ್ಟಕ್ಕೂ ಕಬ್ಬಿಣ ಕರಗಿ ನೀರನ್ನು ಸೇರಬೇಕು. ಒಂದು ಕೊಳೆ ಹೋಗಿ ಇನ್ನೊಂದು ಕೊಳೆ ಬಂದಂತಾಯಿತು. ಎಲೆಕ್ಟ್ರಾನುಗಳನ್ನು ಕತ್ತಿಯಿಂದ ಪಡೆಯದೆ, ತಂತಿಯ ಮೂಲಕ ಹೊರಗಿನಿಂದ ಕಳುಹಿಸಿಕೊಟ್ಟರೆ? ನೀರಿನಲ್ಲಿ ಎರಡು ಫಲಕಗಳನ್ನು ಇಳಿಬಿಟ್ಟು ಒಂದನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಧನ ತುದಿಗೂ ಜೋಡಿಸಿದರೆ, ಋಣ ಫಲಕದ ಮೇಲೆ ಲೋಹ ಬಂದು ಕೂರುತ್ತದೆ. ಇದೇ ವಿದ್ಯುದ್ವಿಶ್ಲೇಷಣೆ. ಋಣ ಫಲಕಕ್ಕೆ ಕ್ಯಾಥೋಡೆಂದೂ ಧನ ಫಲಕಕ್ಕೆ ಆನೋಡೆಂದೂ ಹೆಸರು.

ಇಟಲಿಯ ವೋಲ್ಟಾ ಮಹಾಶಯನು 1800ರಲ್ಲಿ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದ ಐದೇ ವರ್ಷಗಳಲ್ಲಿ, 1805ರಲ್ಲಿ, ಅದೇ ದೇಶದ ಬ್ರುನ್ಯಾಟೆಲ್ಲಿ ಎಂಬವನು ಬೆಳ್ಳಿಯ ಪದಕಗಳಿಗೆ ವಿದ್ಯುತ್ತಿನಿಂದ ಬಂಗಾರದ ಲೇಪ ಕೊಟ್ಟನು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು 1840ರಲ್ಲಿ ಸಯನೈಡ್ ದ್ರಾವಣದಿಂದ ಬೆಳ್ಳಿಬಂಗಾರಗಳ ಲೇಪ ಕೊಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಇವರಿಬ್ಬರ ನಡುವೆ ಬಂದವನು ಮೈಕೇಲ್ ಫ್ಯಾರಡೆ. ಅವನು ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ರಟ್ಟು ಕಟ್ಟಬೇಕಾಗಿದ್ದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು. ಎಷ್ಟು ವಿದ್ಯುತ್ತು ಹರಿದರೆ ಎಷ್ಟು ಲೋಹ ಬರುತ್ತದೆ ಎಂಬ ನಿಯಮವನ್ನು 1833 ಮತ್ತು 1834ರಲ್ಲಿ ಅವನು ಕಂಡುಕೊಟ್ಟನು. ಅದು ಸೇರಿನ ಲೆಕ್ಕದಷ್ಟೇ ನೇರ. ಒಂದು ಆಂಪಿಯರ್ ವಿದ್ಯುತ್ತು ಒಂದು ಗಂಟೆ ಹರಿದು, ಅದರಲ್ಲಿ ಒಂದು ಎಲೆಕ್ಟ್ರಾನೂ ಪೋಲಾಗದಿದ್ದರೆ, ತಾಮ್ರವು 1.19 ಗ್ರಾಮಿನಷ್ಟು, ಬೆಳ್ಳಿಯು 4.02 ಗ್ರಾಮಿನಷ್ಟು, ಸಯನೈಡ್ ದ್ರಾವಣದ ಬಂಗಾರವು 7.35 ಗ್ರಾಮಿನಷ್ಟು ಬಂದು ಕೂರುತ್ತದೆ. ತಾಮ್ರದ ಪರಮಾಣು ಹಗುರ, ಸಾಲದುದಕ್ಕೆ ಎರಡು ಎಲೆಕ್ಟ್ರಾನುಗಳನ್ನು ಕೇಳುತ್ತದೆ. ಬಂಗಾರದ ಪರಮಾಣು ಭಾರ, ಇಲ್ಲಿ ಒಂದೇ ಎಲೆಕ್ಟ್ರಾನಿನಲ್ಲಿ ತೃಪ್ತಿಪಡುತ್ತದೆ. ಹೀಗೆ ಬೆಲೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನದು ವಿದ್ಯುತ್ತಿನ ಖರ್ಚಿನಲ್ಲಿ ಎಲ್ಲಕ್ಕಿಂತ ಅಗ್ಗ.

ಈಗ ನಮ್ಮ ಮೊದಲನೆಯ ಕೊಳೆನೀರನ್ನು ನೋಡೋಣ. ನಿಮ್ಮ ಮನೆಯ ಗೋಡೆಯ ಮೇಲೆ ಅಜ್ಜ ಅಜ್ಜಿಯರ ಕಪ್ಪುಬಿಳುಪಿನ ಭಾವಚಿತ್ರ ತೂಗುತ್ತಿರಬಹುದು. ಅದು ಬೆಳ್ಳಿಯ ಚಿತ್ರ. ಹಳೆಯ ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಲೇಪವಿರುತ್ತಿತ್ತು. ಬೆಳಕು ಬಿದ್ದಲ್ಲಿ ಆ ಲವಣವು ಕಪ್ಪು ಬೆಳ್ಳಿಯಾಗಿ ನಿಲ್ಲುತ್ತಿತ್ತು. ಬೆಳಕು ಬೀಳದ ಕಡೆಯ ಲವಣವನ್ನು ತೊಳೆದು ತೆಗೆಯದಿದ್ದರೆ ಚಿತ್ರವೆಲ್ಲ ಕಪ್ಪಾಗುತ್ತಿತ್ತು. ತೊಳೆಯುವುದಕ್ಕೆ ಹೈಪೋ ಎಂಬ ದ್ರಾವಣ. ಹೈಪೋ ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂಬುದನ್ನು 1819ರಲ್ಲೇ ಕಂಡವನು ಖಗೋಲ ವಿಜ್ಞಾನಿಯಾಗಿಯೂ ಪ್ರಸಿದ್ಧನಾದ ಜಾನ್ ಹರ್ಷೆಲ್. ವರ್ಣಚಿತ್ರಗಳ ಫಿಲ್ಮಿನಲ್ಲಂತೂ ಕೊನೆಗೆ ಉಳಿಯುವುದು ಬಣ್ಣಗಳು ಮಾತ್ರ; ಬೆಳ್ಳಿಯೆಲ್ಲ ದ್ರಾವಣಕ್ಕೇ ಸೇರುತ್ತದೆ. ಹೀಗೆ ದುಡಿದು ದಣಿದ ಹೈಪೋವಿನಲ್ಲಿ ಲೀಟರಿಗೆ ಕೆಲವು ಗ್ರಾಮುಗಳಷ್ಟು ಬೆಳ್ಳಿ ಇರುತ್ತಿತ್ತು. ಫಿಲ್ಮಿನ ಕಾಲ ಈಗ ಬಹುಮಟ್ಟಿಗೆ ಮುಗಿದಿದೆ. ಆದರೆ ಒಂದು ಕಾಲದಲ್ಲಿ ಊರೂರಿನ ಛಾಯಾಚಿತ್ರದ ಅಂಗಡಿಗಳಿಂದಲೂ ಆಸ್ಪತ್ರೆಗಳ ಎಕ್ಸ್‌ರೇ ಕೋಣೆಗಳಿಂದಲೂ ಎಷ್ಟು ಬೆಳ್ಳಿ ಚರಂಡಿಗೆ ಹರಿಯಿತೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂತಹ ಹೈಪೋವನ್ನು ಕೊಂಡುತಂದು ಬೆಳ್ಳಿ ತೆಗೆಯುವ ಚಿಕ್ಕ ತೊಟ್ಟಿಯೊಂದನ್ನು ನಮ್ಮ ವಶಕ್ಕೆ ಕೊಟ್ಟಿದ್ದರು. ತೊಟ್ಟಿಯಲ್ಲಿ 20 ಲೀಟರು ದ್ರಾವಣ. ಲೀಟರಿಗೆ ಸುಮಾರು 4 ಗ್ರಾಮಿನಂತೆ ಒಟ್ಟು 80 ಗ್ರಾಮು ಬೆಳ್ಳಿ. ಉಕ್ಕಿನ ಕ್ಯಾಥೋಡು ಮೆಲ್ಲನೆ ತಿರುಗುತ್ತಿತ್ತು. ಆನೋಡಾಗಿ ಗ್ರಾಫೈಟಿನ ದಂಡ. ಫ್ಯಾರಡೆಯ ಲೆಕ್ಕದಂತೆ 2 ಆಂಪಿಯರಿನಲ್ಲಿ 10 ಗಂಟೆ ಸಾಕು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ನಮಗೋ ಹರೆಯದ ಅವಸರ. ಸಂಜೆ ಮನೆಗೆ ಹೋಗುವ ಮೊದಲು, ಬೆಳಗಾಗುವುದರೊಳಗೆ ಮುಗಿದಿರಲಿ ಎಂದು ವಿದ್ಯುತ್ತನ್ನು ಐದು ಪಾಲು ಏರಿಸಿಬಿಟ್ಟೆವು.

ಬೆಳಗ್ಗೆ ಬಾಗಿಲು ತೆರೆದರೆ ಕೊಳೆತ ಮೊಟ್ಟೆಯ ದುರ್ವಾಸನೆ. ಕ್ಯಾಥೋಡಿನ ಮೇಲೆ ಬೆಳ್ಳಿಯ ಬಿಳಿಯ ಪದರವಿರಬೇಕಾದಲ್ಲಿ ಮಸಿಯಂತಹ ಲೋಳೆ. ತೊಟ್ಟಿಯ ತಳದಲ್ಲಿ ಕಪ್ಪು ಕೆಸರು. ಬೆಳ್ಳಿಯ ಅಯಾನುಗಳು ಬಂದು ತಲುಪುವುದಕ್ಕಿಂತ ವೇಗವಾಗಿ ಎಲೆಕ್ಟ್ರಾನುಗಳನ್ನು ಸುರಿದ ಕಾರಣ, ಬೇರೆ ಕೆಲಸವಿಲ್ಲದ ಎಲೆಕ್ಟ್ರಾನುಗಳು ಹೈಪೋವನ್ನೇ ಒಡೆದು ಗಂಧಕವನ್ನು ಬಿಡಿಸಿದ್ದವು. ಆ ಗಂಧಕ ಬೆಳ್ಳಿಯನ್ನು ಹಿಡಿದು ಕಪ್ಪು ಸಲ್ಫೈಡಾಗಿ ಕೆಡಿಸಿತ್ತು. ಅಲ್ಲಿದ್ದ ವೃದ್ಧ ಮೇಸ್ತ್ರಿಗಳು ಓದು ಬರಹ ಬಲ್ಲವರಲ್ಲ. ಅವರು ತೊಟ್ಟಿಯನ್ನು ಇಣುಕಿ ನೋಡಿ, “ಮಗುವಿಗೆ ಒಂದು ದಿನದ ಅನ್ನವನ್ನು ಒಂದೇ ತುತ್ತಿನಲ್ಲಿ ತುರುಕಿದಿರಿ, ವಾಂತಿಯಾಗದೆ ಇನ್ನೇನಾದೀತು?” ಎಂದರು. ಬಯ್ಯಲಿಲ್ಲ. ಕೆಸರನ್ನು ತಾವೇ ಸೋಸಿ, ಒಣಗಿಸಿ, ಕುಲುಮೆಗೆ ಕಳುಹಿಸಿದರು. ಕೈಗೆ ಬಂದುದು ಕಡಮೆ, ಖರ್ಚು ಹೆಚ್ಚು. ಅವರಾಡಿದ ಆ ಒಂದು ಮಾತಿನಲ್ಲಿ ನಾವು ಆಮೇಲೆ ದಪ್ಪ ಪುಸ್ತಕಗಳಲ್ಲಿ ಓದಿದುದೆಲ್ಲ ಅಡಗಿತ್ತು.

ಎರಡನೆಯದು ಬಂಗಾರದ ನೀರು. ಗಡಿಯಾರದ ಕವಚ, ಒಡವೆ, ವಿದ್ಯುದುಪಕರಣಗಳ ಸಂಪರ್ಕದ ಕಡ್ಡಿ ಇವುಗಳಿಗೆ ಬಂಗಾರದ ಲೇಪ ಕೊಡುವುದುಂಟು. ಲೇಪವಾದ ವಸ್ತುವನ್ನು ತೊಟ್ಟಿಯಿಂದ ಮೇಲೆತ್ತಿದಾಗ, ಕೊಡದಿಂದ ತೆಗೆದ ಕೈಗೆ ನೀರು ಅಂಟುವಂತೆ ಅದಕ್ಕೂ ತುಸು ದ್ರಾವಣ ಅಂಟಿರುತ್ತದೆ. ಅದನ್ನು ತೊಳೆಯುತ್ತಾರೆ. ತೊಳೆದ ನೀರು ಚರಂಡಿಗೆ ಹೋದರೆ ಬಂಗಾರವೂ ಅದರೊಡನೆ ಹೋಯಿತು. ಎಷ್ಟು ಹೋದೀತು? ವಿದ್ಯಾರ್ಥಿಗಳು ನಮ್ಮೊಡನೆ ಲೆಕ್ಕ ಹಾಕಿ. ತೊಟ್ಟಿಯ ದ್ರಾವಣದಲ್ಲಿ ಲೀಟರಿಗೆ 5 ಗ್ರಾಮು ಬಂಗಾರವಿದೆಯೆಂದೂ, ಗಂಟೆಗೆ 100 ಮಿಲಿಲೀಟರು ದ್ರಾವಣ ವಸ್ತುಗಳಿಗೆ ಅಂಟಿ ಹೊರಬರುತ್ತದೆಯೆಂದೂ ಇಟ್ಟುಕೊಳ್ಳೋಣ. ಎಂಟು ಗಂಟೆಗಳ ಕೆಲಸದಲ್ಲಿ 800 ಮಿಲಿಲೀಟರು, ಅಂದರೆ 4 ಗ್ರಾಮು ಬಂಗಾರ. ತೊಳೆಯಲು 400 ಲೀಟರು ನೀರು ಬಳಸಿದರೆ ಲೀಟರಿಗೆ ಹತ್ತೇ ಮಿಲಿಗ್ರಾಮು. ಕಣ್ಣಿಗೆ ಅದು ತಿಳಿನೀರು! ದಿನವೊಂದಕ್ಕೆ ಒಂದು ಚಿಕ್ಕ ಉಂಗುರದಷ್ಟು ಬಂಗಾರ ಆ ತಿಳಿನೀರಿನಲ್ಲಿ ಹರಿದುಹೋಗುತ್ತದೆ.

ಅದನ್ನು ಮರಳಿ ಹಿಡಿಯಲು ಬೇಕಾದ ವಿದ್ಯುತ್ತು ಎಷ್ಟು? 4 ಗ್ರಾಮಿಗೆ ಅರ್ಧಕ್ಕಿಂತ ತುಸು ಹೆಚ್ಚು ಆಂಪಿಯರ್‌ಗಂಟೆ. ಹತ್ತು ಎಲೆಕ್ಟ್ರಾನುಗಳಲ್ಲಿ ಒಂಬತ್ತು ಪೋಲಾದರೂ ಐದೂವರೆ ಆಂಪಿಯರ್‌ಗಂಟೆ. 4 ವೋಲ್ಟಿನಲ್ಲಿ ಅದು 22 ವ್ಯಾಟ್‌ಗಂಟೆ. ಅಂದರೆ ಓದುವ ಮೇಜಿನ ಮೇಲಿನ ಸಣ್ಣ ದೀಪವೊಂದು ಒಂದು ಗಂಟೆಯ ಕಾಲ ಉರಿಯುವಷ್ಟು. ನೀರನ್ನು ತಿರುಗಿಸುವ ಪಂಪಿಗೆ ಇದಕ್ಕಿಂತ ಹೆಚ್ಚು ಬೇಕಾದೀತು.

ಹಾಗಾದರೆ ಎಲ್ಲರೂ ಇದನ್ನು ಏಕೆ ಮಾಡುವುದಿಲ್ಲ? ಇಲ್ಲಿ ಒಂದು ತೊಡಕಿದೆ. ಉತ್ಸವದ ದಿನ ದೇವಾಲಯದ ಬಾಗಿಲನ್ನು ನೆನೆಯಿರಿ. ಬಾಗಿಲ ಬಳಿ ಜನ ಕಿಕ್ಕಿರಿದಿದ್ದರೆ ಒಬ್ಬರ ಹಿಂದೊಬ್ಬರಂತೆ ಒಳಗೆ ಹೋಗುತ್ತಲೇ ಇರುತ್ತಾರೆ. ಸಾಮಾನ್ಯ ದಿನದಲ್ಲಿ ಬಾಗಿಲು ಎಷ್ಟು ಅಗಲವಾಗಿದ್ದರೇನು, ಯಾವಾಗಲೋ ಒಬ್ಬರು ಬಂದರೆ ಉಂಟು, ಇಲ್ಲದಿದ್ದರಿಲ್ಲ. ಲೇಪದ ತೊಟ್ಟಿಯಲ್ಲಿ ಬಂಗಾರದ ಜಾತ್ರೆ. ತೊಳೆದ ನೀರಿನಲ್ಲಿ ಅದು ಐನೂರರಲ್ಲಿ ಒಂದು ಪಾಲು. ಮೇಲಾಗಿ ಫಲಕಕ್ಕೆ ಅಂಟಿಕೊಂಡಂತೆ ನೀರಿನ ತೆಳುವಾದ, ಅಲುಗದ ಪದರವೊಂದಿರುತ್ತದೆ. ಅದರೊಳಗಿನ ಬಂಗಾರವು ಫಲಕವನ್ನು ಸೇರಿದ ಮೇಲೆ ಹೊರಗಿನ ಬಂಗಾರವು ಆ ಪದರವನ್ನು ದಾಟಿ ಮೆಲ್ಲಮೆಲ್ಲನೆ ಬರಬೇಕು. ಅವಸರಪಟ್ಟು ವಿದ್ಯುತ್ತನ್ನು ಏರಿಸಿದರೆ ನೀರೇ ಒಡೆದು ಜಲಜನಕದ ಗುಳ್ಳೆಗಳೇಳುತ್ತವೆ; ಬಂಗಾರ ಬರುವುದಿಲ್ಲ. ಮೇಸ್ತ್ರಿಗಳ ತುತ್ತಿನ ಮಾತು ಇಲ್ಲಿಯೂ ಸತ್ಯ.

ಇದಕ್ಕೆ ಬುದ್ಧಿವಂತರು ಮೂರು ಬಗೆಯ ಉಪಾಯಗಳನ್ನು ಹೂಡಿದ್ದಾರೆ. ಮೊದಲನೆಯದು ಕಲಕುವುದು. ಕ್ಯಾಥೋಡನ್ನು ಉರುಳೆಯಾಗಿ ಮಾಡಿ ವೇಗವಾಗಿ ತಿರುಗಿಸುತ್ತಾರೆ. ಇಲ್ಲವೇ ಸಣ್ಣ ಗಾಜಿನ ಮಣಿಗಳನ್ನು ನೀರಿನ ಸೆಳೆತದಲ್ಲಿ ಕುಣಿಯುವಂತೆ ಮಾಡಿ, ಅವು ಫಲಕವನ್ನು ಸದಾ ತಟ್ಟುತ್ತಿರುವಂತೆ ಏರ್ಪಡಿಸುತ್ತಾರೆ. ಅಲುಗದ ಪದರ ಇದರಿಂದ ತೆಳುವಾಗುತ್ತದೆ. ಎರಡನೆಯದು ಬಾಗಿಲುಗಳನ್ನು ಹೆಚ್ಚಿಸುವುದು. ಚಪ್ಪಟೆಯಾದ ಫಲಕದ ಬದಲು ಉಕ್ಕಿನ ನಾರಿನ ಉಂಡೆಯನ್ನೋ ಇಂಗಾಲದ ನಾರಿನ ಕಂಬಳಿಯನ್ನೋ ಕ್ಯಾಥೋಡಾಗಿ ಬಳಸಿ ನೀರನ್ನು ಅದರ ಮೂಲಕವೇ ಹಾಯಿಸುತ್ತಾರೆ. ಆಗ ಅಯಾನು ಎತ್ತ ತಿರುಗಿದರೂ ಎದುರಿಗೊಂದು ಬಾಗಿಲು. ಮೂರನೆಯದು ಜನರನ್ನು ಮೊದಲೇ ಒಂದೆಡೆ ಕೂಡಿಸುವುದು. ಇದರಲ್ಲಿ ನಮ್ಮ ನಾಡಿಗೂ ಒಂದು ಸಂಬಂಧವಿದೆ. ತೆಂಗಿನ ಚಿಪ್ಪನ್ನು ಸುಟ್ಟು, ಉಗಿಯಿಂದ ಹದಗೊಳಿಸಿದ ಇದ್ದಿಲು ಸಯನೈಡ್ ನೀರಿನಲ್ಲಿರುವ ಬಂಗಾರವನ್ನು ತನ್ನ ಅಸಂಖ್ಯ ರಂಧ್ರಗಳಲ್ಲಿ ಹೀರಿಕೊಳ್ಳುತ್ತದೆ. ಆ ಇದ್ದಿಲನ್ನು ಬಿಸಿಯಾದ ಕ್ಷಾರದ್ರಾವಣದಿಂದ ತೊಳೆದರೆ ಬಂಗಾರ ಸಾಂದ್ರವಾಗಿ ಹೊರಬರುತ್ತದೆ. ಆಮೇಲೆ ಉಕ್ಕಿನ ನಾರಿನ ಕ್ಯಾಥೋಡಿನಲ್ಲಿ ಅದನ್ನು ಹಿಡಿಯುವುದು ಸುಲಭ. ಅಮೆರಿಕದ ಗಣಿ ಇಲಾಖೆಯಲ್ಲಿ ಜಾಡ್ರಾ ಎಂಬವರೂ ಅವರ ಸಂಗಡಿಗರೂ 1950ರ ದಶಕದ ಆರಂಭದಲ್ಲಿ ಈ ಕ್ರಮವನ್ನು ರೂಪಿಸಿದರು. ಇಂದು ಜಗತ್ತಿನ ಬಹಳಷ್ಟು ಬಂಗಾರದ ಗಣಿಗಳಲ್ಲಿ ತೆಂಗಿನ ಚಿಪ್ಪಿನ ಇದ್ದಿಲಿಗೆ ಬೇಡಿಕೆಯಿದೆ. ನಾವು ಒಲೆಗೆ ಹಾಕುವ ಚಿಪ್ಪು ಹೊನ್ನಿನ ಬೇಟೆಗಾರ!

ಎಲ್ಲ ನೀರಿನಿಂದಲೂ ಬಂಗಾರ ತೆಗೆಯುವುದು ಲಾಭವೆಂದು ಮಾತ್ರ ತಿಳಿಯಬಾರದು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ದೊಡ್ಡ ಪರಿಹಾರದ ಹೊರೆ ಬಿದ್ದಿತ್ತು. ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸಿ ನೊಬೆಲ್ ಪಾರಿತೋಷಕ ಪಡೆದಿದ್ದ ಫ್ರಿಟ್ಸ್ ಹೇಬರ್ ಸಮುದ್ರದ ನೀರಿನಿಂದ ಬಂಗಾರ ತೆಗೆದು ದೇಶದ ಸಾಲ ತೀರಿಸುವೆನೆಂದು 1920ರ ದಶಕದಲ್ಲಿ ವರ್ಷಗಟ್ಟಲೆ ಶ್ರಮಿಸಿದನು. ಕೊನೆಗೆ ಕಂಡುಬಂದುದೇನೆಂದರೆ, ಸಮುದ್ರದಲ್ಲಿ ಬಂಗಾರ ಇರುವುದು ನಿಜ, ಆದರೆ ಮೊದಲಿನ ಅಂದಾಜಿಗಿಂತ ನೂರಾರು ಪಾಲು ಕಡಮೆ. ಹೇಬರ್ ಆ ಕೆಲಸವನ್ನು ಕೈಬಿಟ್ಟನು. ಇರುವುದೊಂದೇ ಸಾಲದು, ಕೂಡಿ ಇರಬೇಕು. ಆದುದರಿಂದಲೇ ಜಾಣನಾದ ಕೆಲಸಗಾರನು ತೊಳೆದ ನೀರನ್ನು ಹರಿಯಬಿಡುವ ಮೊದಲೇ, ವಸ್ತುವನ್ನು ನಿಂತ ನೀರಿನ ಚಿಕ್ಕ ತೊಟ್ಟಿಯೊಂದರಲ್ಲಿ ಒಮ್ಮೆ ಅದ್ದಿ ತೆಗೆಯುತ್ತಾನೆ. 400 ಲೀಟರಿನಲ್ಲಿ ಚದರಬೇಕಾದ ಬಂಗಾರದ ಬಹುಪಾಲು 40 ಲೀಟರಿನಲ್ಲಿಯೇ ಉಳಿಯುತ್ತದೆ. ಯಾವ ಯಂತ್ರವೂ ಇಲ್ಲದೆ ಆದ ಈ ಲಾಭಕ್ಕೆ ಬೇಕಾದುದು ವಿವೇಕ ಮಾತ್ರ.

ಮಹನೀಯರೇ, ಇಷ್ಟು ಹೊತ್ತು ಲಾಭದ ಮಾತಾಯಿತು. ಇನ್ನು ಹೇಳಲೇಬೇಕಾದ ಮಾತೊಂದಿದೆ. ಅದನ್ನು ಹೇಳುವಾಗ ನಮ್ಮ ತಲೆ ತುಸು ತಗ್ಗುತ್ತದೆ.

ನಾವು ದುಡಿಯುತ್ತಿದ್ದ ಬೀದಿಯ ಹಿಂಬದಿಯಲ್ಲಿ ಮೂರು ನಾಲ್ಕು ಮನೆಗಳಿಗೆ ಸೇರಿದ ಬಾವಿಯೊಂದಿತ್ತು. ನಮ್ಮ ಕೆಲಸದ ಮನೆಯಲ್ಲಿ ಬಂಗಾರಕ್ಕೆ ಒಂದು ತೊಟ್ಟಿ, ನಿಕಲ್ಲಿಗೆ ಒಂದು, ಕ್ರೋಮಿಯಮ್ಮಿಗೆ ಒಂದು. ಬಂಗಾರದ ನೀರನ್ನು ಒಂದು ಹನಿಯೂ ಪೋಲಾಗದಂತೆ ಹಿಡಿಯುತ್ತಿದ್ದೆವು. ನಿಕಲ್, ಕ್ರೋಮಿಯಮ್ಮುಗಳ ನೀರನ್ನು ಹಿಂದಿನ ಕಾಲುವೆಗೆ ಬಿಡುತ್ತಿದ್ದೆವು. ನಮ್ಮಂತೆಯೇ ಬೀದಿಯ ಇತರರೂ ಬಿಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಆ ಬಾವಿಯ ನೀರು ತೆಳುವಾದ ಹಳದಿ ಬಣ್ಣಕ್ಕೆ ತಿರುಗಿತು. ವೃದ್ಧೆಯೊಬ್ಬರು ನೀರು ತುಂಬಿದ ತಂಬಿಗೆಯನ್ನು ಹಿಡಿದು ನಮ್ಮ ಬಾಗಿಲಿಗೆ ಬಂದರು. ಕೂಗಾಡಲಿಲ್ಲ. “ಬೆಲೆಯಿದ್ದುದನ್ನು ನೀವು ಇಟ್ಟುಕೊಂಡಿರಿ, ಬೆಲೆಯಿಲ್ಲದುದನ್ನು ನಮಗೆ ಕೊಟ್ಟಿರಿ” ಎಂದು ಹೇಳಿ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದರು. ಆ ಬಾವಿಯನ್ನು ಆಮೇಲೆ ಮುಚ್ಚಿದರು. ಕಾಲುವೆಗೆ ನೀರು ಬಿಟ್ಟ ಕೈಗಳಲ್ಲಿ ನಮ್ಮ ಕೈಯೂ ಒಂದು.

ನಮಗೆ ವಿದ್ಯೆ ಇರಲಿಲ್ಲವೇ? ಇತ್ತು. ಬಂಗಾರವನ್ನು ಹಿಡಿದ ತೊಟ್ಟಿಯೇ ತಾಮ್ರವನ್ನೂ ನಿಕಲ್ಲನ್ನೂ ಹಿಡಿಯಬಲ್ಲದು. ವಿಷಕಾರಿಯಾದ ಹಳದಿಯ ಕ್ರೋಮಿಯಮ್ಮನ್ನು ಅಷ್ಟು ವಿಷವಲ್ಲದ ರೂಪಕ್ಕೆ ತಿರುಗಿಸಿ, ಸುಣ್ಣ ಬೆರೆಸಿ ತಳಕ್ಕಿಳಿಸಬಹುದು. ಬಂಗಾರದ ನೀರಿನಲ್ಲಿ ಉಳಿಯುವ ಸಯನೈಡನ್ನು ಆನೋಡು ಅತ್ಯಂತ ಕಡಮೆ ವಿಷವುಳ್ಳ ಸಯನೇಟಾಗಿ ಮಾರ್ಪಡಿಸುತ್ತದೆ; ಕೊನೆಗೆ ಉಳಿದುದಕ್ಕೆ ಕ್ಲೋರಿನ್ ಚಿಕಿತ್ಸೆಯುಂಟು. ನಮ್ಮ ದೇಶದಲ್ಲಿ 1974ರಲ್ಲಿ ಜಲಮಾಲಿನ್ಯದ ಕಾಯಿದೆ ಬಂದಿತು. ಕೆರೆಹೊಳೆಗಳಿಗೆ ಬಿಡುವ ನೀರಿನಲ್ಲಿ ಸಯನೈಡು ಲೀಟರಿಗೆ 0.2 ಮಿಲಿಗ್ರಾಮನ್ನು ಮೀರಬಾರದೆಂಬ ಮಿತಿಯೂ ಇದೆ. ವಿದ್ಯೆಯೂ ಇತ್ತು, ಕಾಯಿದೆಯೂ ಇತ್ತು. ನಿಕಲ್ಲಿಗೆ ಬಂಗಾರದ ಬೆಲೆ ಇರಲಿಲ್ಲ, ಅಷ್ಟೇ. ಆ ತಂಬಿಗೆಯ ನೀರನ್ನು ಕಂಡ ಮೇಲೆ ನಾವು ಒಡೆಯರೊಡನೆ ವಾದಿಸಿ ಎಲ್ಲ ತೊಟ್ಟಿಗಳಿಗೂ ನಿಂತ ನೀರಿನ ತೊಟ್ಟಿಗಳನ್ನು ಇರಿಸಿದೆವು. ಆದರೆ ಮುಚ್ಚಿದ ಬಾವಿ ಮತ್ತೆ ತೆರೆಯಲಿಲ್ಲ.

ನೀರಿನ ಬೆಲೆಯನ್ನು ಈ ಊರವರಿಗೆ ನಾವು ಹೇಳಬೇಕಾಗಿಲ್ಲ. ಗುಡ್ಡದ ಹೊಟ್ಟೆಯನ್ನು ಕೈಯಿಂದ ಕೊರೆದು, ಸುರಂಗದ ಕತ್ತಲೆಯಲ್ಲಿ ತೆವಳಿ, ಬೆರಳಿನ ಗಾತ್ರದ ನೀರಿನ ಎಳೆಯನ್ನು ಹೊರತಂದು ತೋಟ ಬೆಳೆಸಿದ ಹಿರಿಯರ ಮಕ್ಕಳು ನೀವು. ವಿಷದ ಬೆಲೆಯನ್ನೂ ನಿಮಗೆ ಹೇಳಬೇಕಾಗಿಲ್ಲ. 2000ದವರೆಗೆ ಗೇರುತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನಿನ ನೋವನ್ನು ಈ ಜಿಲ್ಲೆಯ ಎಷ್ಟೋ ಮನೆಗಳು ಇನ್ನೂ ಹೊತ್ತಿವೆ. ವಿಜ್ಞಾನವನ್ನು ಕಲಿತವನು ಯಾವುದನ್ನು ಅಮೂಲ್ಯವೆಂದು ತಿಳಿಯುತ್ತಾನೆ ಎಂಬುದೇ ದೊಡ್ಡ ಪ್ರಶ್ನೆ. ಬಂಗಾರವು ಅಮೂಲ್ಯವೆಂದರೆ ತೊಟ್ಟಿಗೆ ಒಂದು ತಂತಿ ಸಾಕು. ನೀರು ಅಮೂಲ್ಯವೆಂದರೆ ತೊಟ್ಟಿಗಳಿಗೆಲ್ಲ ತಂತಿ ಬೇಕು.

ವಿದ್ಯಾರ್ಥಿಗಳಿಗೆ ಎರಡು ಮಾತು. ಸಯನೈಡ್, ಆಮ್ಲ ಇವುಗಳ ಬಳಿ ಯಾರೂ ಸುಳಿಯಬಾರದು. ಸಯನೈಡಿಗೆ ಆಮ್ಲ ತಗಲಿದರೆ ಪ್ರಾಣಾಂತಿಕವಾದ ಅನಿಲ ಹುಟ್ಟುತ್ತದೆ. ಅನುಭವಸ್ಥರೂ ಅದರಿಂದ ಸತ್ತಿದ್ದಾರೆ. ಹಳೆಯ ವಿದ್ಯುದುಪಕರಣಗಳನ್ನು ಸುಟ್ಟು, ಆಮ್ಲದಲ್ಲಿ ಕರಗಿಸಿ ಬಂಗಾರ ತೆಗೆಯುವ ಕೆಲಸಕ್ಕೆ ಯಾರಾದರೂ ಕರೆದರೆ, ಎಷ್ಟು ಕೂಲಿ ಕೊಟ್ಟರೂ ಹೋಗಬೇಡಿ. ತಾಯಿತಂದೆಗಳು ಮಕ್ಕಳನ್ನು ಕಳುಹಿಸಬೇಡಿ. ಪ್ರಯೋಗ ಮಾಡಬೇಕೆಂಬ ಆಸೆಯಿದ್ದರೆ, ಉಪಾಧ್ಯಾಯರ ಎದುರಿನಲ್ಲಿ ಗಾಜಿನ ಲೋಟದ ನೀರಿಗೆ ಚಿಟಿಕೆ ಮೈಲುತುತ್ತ ಹಾಕಿ, ಎರಡು ಪೆನ್ಸಿಲುಗಳ ಸೀಸದ ಕಡ್ಡಿಗಳನ್ನು ಟಾರ್ಚಿನ ಎರಡು ಬ್ಯಾಟರಿಗಳಿಗೆ ಜೋಡಿಸಿ ಅದ್ದಿನೋಡಿ. ಒಂದು ಕಡ್ಡಿ ಕೆಂಪಗಾಗುತ್ತದೆ. ಆಮೇಲೆ ಲೋಟದ ನೀರನ್ನು ಚರಂಡಿಗೆ ಚೆಲ್ಲದೆ, ಮುಂದಿನ ತರಗತಿಗೆ ಸೀಸೆಯಲ್ಲಿ ಎತ್ತಿಡಿ. ಆ ಎತ್ತಿಡುವುದೂ ಪ್ರಯೋಗದ ಭಾಗವೇ.

ಕೊನೆಯದಾಗಿ, ಕನ್ನಡದಲ್ಲಿ ಓದಿದವರಿಗೆ ವಿಜ್ಞಾನ ದಕ್ಕೀತೇ ಎಂದು ಅಳುಕುವ ತಾಯಿತಂದೆಗಳಿಗೆ ಒಂದು ಮಾತು. ಆನೋಡ್, ಕ್ಯಾಥೋಡ್, ಅಯಾನು ಎಂಬ ಪದಗಳು 1834ರವರೆಗೆ ಇಂಗ್ಲಿಷಿನಲ್ಲಿಯೂ ಇರಲಿಲ್ಲ. ಫ್ಯಾರಡೆಗೆ ತಾನು ಕಂಡುದನ್ನು ಹೇಳಲು ಮಾತುಗಳು ಸಾಲಲಿಲ್ಲ. ಕೇಂಬ್ರಿಜಿನ ಪಂಡಿತ ವ್ಹೀವೆಲ್ಲನನ್ನು ಕೇಳಿ ಗ್ರೀಕ್ ಭಾಷೆಯಿಂದ ಅವನ್ನು ಕಟ್ಟಿಸಿಕೊಂಡನು. ಅಯಾನು ಎಂದರೆ ಗ್ರೀಕಿನಲ್ಲಿ ‘ಹೋಗುವಂಥದು’ ಎಂದಷ್ಟೇ ಅರ್ಥ. ಮೊದಲು ಕಣ್ಣು ಕಾಣಬೇಕು. ಮಾತು ಆಮೇಲೆ ಬಂದೇ ಬರುತ್ತದೆ. ಬೋರ್ಡೋ ದ್ರಾವಣದ ಕತ್ತಿಯನ್ನು ಕಂಡ ಮಗುವಿಗೆ ವಿದ್ಯುದ್ವಿಶ್ಲೇಷಣೆಯನ್ನು ಕನ್ನಡದಲ್ಲಿ ತಿಳಿಸಲು ನಮಗೆ ಈ ಒಂದು ಗಂಟೆ ಸಾಕಾಯಿತು. ಇದನ್ನು ತಿಳಿದ ಮಕ್ಕಳು ನಾಳೆ ಯಾವ ಭಾಷೆಯಲ್ಲಿ ಬೇಕಾದರೂ ಮುಂದುವರಿಯಲಿ; ಆದರೆ ಯಾವ ಊರಿನ ಬಾವಿಯ ಬಳಿ ದುಡಿದರೂ ಆ ತಂಬಿಗೆಯನ್ನು ಮರೆಯದಿರಲಿ.